ನಡೆದರೂ, ಊಟ ಕಡಿಮೆ ಮಾಡಿದರೂ ತೂಕ ಯಾಕೆ ಇಳಿಯುವುದಿಲ್ಲ?

ಬೆಳಿಗ್ಗೆ ಐದೂವರೆಗೆ ಎದ್ದು ನಡೆಯಲು ಹೋಗುತ್ತೀರಿ. ರಾತ್ರಿ ಅನ್ನ ಬಿಟ್ಟು ಎರಡು ಚಪಾತಿಗೆ ಇಳಿದಿದ್ದೀರಿ. ಮದುವೆ ಮನೆಯಲ್ಲಿ ಬಿರಿಯಾನಿಯನ್ನು ಅರ್ಧಕ್ಕೇ ನಿಲ್ಲಿಸಿ ನೆಂಟರಿಂದ ಮಾತು ಕೇಳಿದ್ದೂ ಆಯಿತು. ಮೊದಲ ಹದಿನೈದು ದಿನದಲ್ಲಿ ಎರಡು ಕಿಲೋ ಇಳಿಯಿತು, ಖುಷಿಯಾಯಿತು. ಆಮೇಲೆ ಮೂರು ತಿಂಗಳಾದರೂ ತೂಕದ ಮುಳ್ಳು ಅಲ್ಲೇ ನಿಂತಿದೆ. ಮನೆಯವರು "ಕದ್ದು ಏನಾದರೂ ತಿಂತೀರಾ?" ಅಂತ ತಮಾಷೆ ಮಾಡುತ್ತಾರೆ. ಕೇಳುವವರಿಗೆ ತಮಾಷೆ, ನಿಮಗೆ ಅಲ್ಲ.

ಈ ಹಂತದಲ್ಲಿ ಹೆಚ್ಚಿನವರು ಒಂದೋ ನಡಿಗೆಯನ್ನೇ ಬಿಟ್ಟುಬಿಡುತ್ತಾರೆ, ಇಲ್ಲವೇ ಮೊಬೈಲಿಗೆ ಬಂದ ಯಾವುದೋ ಜಾಹೀರಾತು ನೋಡಿ ಡಬ್ಬದ ಪುಡಿಗೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಎರಡೂ ನಷ್ಟದ ದಾರಿ. ಅದರಲ್ಲೂ ನಡಿಗೆ ಬಿಡುವುದು ಎಂಥ ನಷ್ಟ ಅನ್ನುವುದಕ್ಕೆ ಚೆನ್ನೈಯಲ್ಲೇ ಸಿಕ್ಕಿದ ಪುರಾವೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ಮುಳ್ಳು ಯಾಕೆ ನಿಲ್ಲುತ್ತದೆ ನೋಡೋಣ.

ಮೊದಲು ಇಳಿದ ಆ ಎರಡು ಕಿಲೋ ಪೂರ್ತಿ ಕೊಬ್ಬಲ್ಲ. ನಮ್ಮ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಸೇರಿಕೊಂಡಿರುತ್ತದೆ. ಅನ್ನ, ಸಿಹಿ ಕಡಿಮೆ ಮಾಡಿದ ಕೂಡಲೇ ಮೊದಲು ಖರ್ಚಾಗುವುದು ಈ ದಾಸ್ತಾನು, ಅದರೊಂದಿಗೆ ನೀರೂ ಹೋಗುತ್ತದೆ. ಕೊಬ್ಬು ಕರಗುವುದು ಅದಕ್ಕಿಂತ ಬಹಳ ನಿಧಾನ. ಹಾಗಾಗಿ ಮೊದಲ ಎರಡು ವಾರದ ವೇಗವನ್ನೇ ಲೆಕ್ಕ ಹಿಡಿದು ಕೂತರೆ ನಿರಾಸೆ ಖಂಡಿತ.

ಇನ್ನು ನಡಿಗೆಯ ಲೆಕ್ಕ. ಎಪ್ಪತ್ತು ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120ರಿಂದ 150 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ. ಅಂದರೆ ಬೆವರು ಸುರಿಸಿ ಗಳಿಸಿದ್ದು ಒಂದು ಚಮಚ ಎಣ್ಣೆಯಲ್ಲಿ ಮುಗಿದು ಹೋಗುತ್ತದೆ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಸ್ಟೇಷನ್ ಹೊರಗಡೆ ಒಂದು ಕಟಿಂಗ್ ಚಾ, ಜೊತೆಗೊಂದು ವಡಾಪಾವ್ ಅಂದರೆ ಆ ದಿನದ ನಡಿಗೆ ಸಾಲದಲ್ಲೇ ಮುಗಿಯಿತು. ಹೈದರಾಬಾದಿನಲ್ಲಿರುವವರಿಗೆ ಇರಾನಿ ಚಾ ಮತ್ತು ಉಸ್ಮಾನಿಯಾ ಬಿಸ್ಕತ್ತಿನ ಕತೆಯೂ ಇದೇ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಹರ್ಮನ್ ಪಾಂಟ್ಜರ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಸಂಗಡಿಗರು ತಾಂಜಾನಿಯಾದ ಹಾಡ್ಜಾ ಜನರ ದಿನದ ಶಕ್ತಿಯ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವ ಈ ಜನ ದಿನವಿಡೀ ಓಡಾಡುತ್ತಾರೆ. ಆದರೂ ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ ಅವರ ಒಟ್ಟು ಖರ್ಚು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಪಾಶ್ಚಾತ್ಯರಿಗಿಂತ ಹೆಚ್ಚಿರಲಿಲ್ಲ! ಓಡಾಟಕ್ಕೆ ಹೋದದ್ದನ್ನು ದೇಹ ಬೇರೆ ಕಡೆಯಲ್ಲಿ ಉಳಿತಾಯ ಮಾಡಿಕೊಳ್ಳುತ್ತದೆ ಎಂಬುದು ಪಾಂಟ್ಜರ್ ವಾದ. ಇದು ಎಷ್ಟರ ಮಟ್ಟಿಗೆ ನಡೆಯುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಚರ್ಚೆ ಇದೆ. ಆದರೆ ಕೇವಲ ವ್ಯಾಯಾಮದಿಂದ ತೂಕ ಬಹಳ ಇಳಿಯುವುದಿಲ್ಲ ಅನ್ನುವುದರಲ್ಲಿ ಜಗಳವಿಲ್ಲ.

"ಹಾಗಾದರೆ ನಾನು ತಿನ್ನುವುದೂ ಕಡಿಮೆಯೇ ತಾನೆ?" ಅಂತ ಕೇಳುತ್ತೀರಿ. ಸ್ವಲ್ಪ ತಾಳಿ. 1992ರಲ್ಲಿ ನ್ಯೂಯಾರ್ಕಿನ ವೈದ್ಯರು ಇದನ್ನೇ ಪರೀಕ್ಷಿಸಿದರು. 1200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವ ಹತ್ತು ಜನರ ದೇಹದ ಖರ್ಚನ್ನು ಅಳೆದು ನೋಡಿದಾಗ ಅದರಲ್ಲಿ ಯಾವ ದೋಷವೂ ಸಿಗಲಿಲ್ಲ. ಆದರೆ ಅವರು ತಾವು ತಿಂದದ್ದನ್ನು ಸರಾಸರಿ 47 ಶೇಕಡಾ ಕಡಿಮೆ ಬರೆದಿದ್ದರು, ಮಾಡಿದ ಶ್ರಮವನ್ನು 51 ಶೇಕಡಾ ಹೆಚ್ಚು ಬರೆದಿದ್ದರು. ಅವರು ಸುಳ್ಳುಗಾರರು ಅಂತ ನಾನು ಹೇಳುವುದಿಲ್ಲ. ತಿಂದದ್ದರ ಅಂದಾಜು ಯಾರಿಗೂ ಸರಿಯಾಗಿ ಸಿಗುವುದಿಲ್ಲ, ಅಷ್ಟೆ. ಮಗು ಬಿಟ್ಟ ಅರ್ಧ ದೋಸೆ, ಸಾರಿನ ರುಚಿ ನೋಡಿದ ನಾಲ್ಕು ಸೌಟು, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಇವನ್ನೆಲ್ಲ ಯಾರು ಬರೆದಿಡುತ್ತಾರೆ? ಅಡುಗೆ ಮನೆಯಲ್ಲಿ ನಿಂತು ನಿಂತೇ ತಿನ್ನುವ ಹೆಂಗಸರ ಊಟಕ್ಕಂತೂ ಲೆಕ್ಕವೇ ಇಲ್ಲ, ಯಾಕೆಂದರೆ ಮನೆಯಲ್ಲಿ ಅದನ್ನು ಊಟ ಅಂತ ಯಾರೂ ಎಣಿಸುವುದೇ ಇಲ್ಲ.

ಪ್ರತಿ ತುತ್ತು ತೂಗುವ ಬದಲು ಒಂದು ಸುಲಭದ ಪರೀಕ್ಷೆ ಮಾಡಿ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬರುತ್ತದೆ? ನಾಲ್ಕು ಜನರ ಮನೆಗೆ ಐದು ಲೀಟರ್ ಅಂದುಕೊಳ್ಳಿ. ಒಬ್ಬರ ಪಾಲಿಗೆ ದಿನಕ್ಕೆ ಸುಮಾರು 40 ಮಿಲಿಲೀಟರ್, ಅಂದರೆ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿ ಬರೀ ಎಣ್ಣೆಯಿಂದ. ತುಪ್ಪ, ತೆಂಗಿನಕಾಯಿ ಬೇರೆ. ಅದೇ ಮನೆಗೆ ಮೂರು ಲೀಟರ್ ಸಾಕಾದರೆ ಒಬ್ಬರಿಗೆ ದಿನಕ್ಕೆ ನೂರು ನೂರೈವತ್ತು ಕ್ಯಾಲೊರಿ ತಾನಾಗಿ ಕಡಿಮೆಯಾಗುತ್ತದೆ, ಯಾರ ತಟ್ಟೆಯಿಂದಲೂ ಏನನ್ನೂ ತೆಗೆಯದೆ. ಸಕ್ಕರೆಯ ಡಬ್ಬಕ್ಕೂ ಇದೇ ಲೆಕ್ಕ ಹಾಕಿ. ದಿನಕ್ಕೆ ಐದು ಚಾ, ಒಂದೊಂದಕ್ಕೆ ಎರಡು ಚಮಚ ಅಂದರೆ ಸಕ್ಕರೆಯೊಂದೇ ಇನ್ನೂರರ ಹತ್ತಿರ ಬರುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಮುಳ್ಳು ನಿಲ್ಲುವುದುಂಟು. ಇಲ್ಲಿ ತಪ್ಪು ನಿಮ್ಮದಲ್ಲ. ಬರಗಾಲಗಳನ್ನು ದಾಟಿ ಬಂದ ದೇಹ ನಮ್ಮದು. ಕೊಬ್ಬು ಕರಗುವುದನ್ನು ಅದು ಆಪತ್ತು ಅಂತಲೇ ತಿಳಿಯುತ್ತದೆ. ತೂಕ ಇಳಿದಾಗ ಚಿಕ್ಕದಾದ ದೇಹಕ್ಕೆ ಕಡಿಮೆ ಇಂಧನ ಸಾಕು, ಇದು ಸಹಜ. ಆದರೆ ದೇಹ ಅದಕ್ಕಿಂತಲೂ ಹೆಚ್ಚು ಜಿಪುಣತನ ತೋರಿಸುತ್ತದೆ. ಅಮೆರಿಕದ ಟೀವಿಯಲ್ಲಿ ತೂಕ ಇಳಿಸುವ ಸ್ಪರ್ಧೆಯಲ್ಲಿ ಭಾಗವಹಿಸಿದ್ದ 14 ಜನರನ್ನು ಕೆವಿನ್ ಹಾಲ್ ಎಂಬ ಸಂಶೋಧಕರ ತಂಡ ಆರು ವರ್ಷಗಳ ನಂತರ ಪರೀಕ್ಷಿಸಿ 2016ರಲ್ಲಿ ವರದಿ ಮಾಡಿತು. ಸ್ಪರ್ಧೆಯಲ್ಲಿ ಸರಾಸರಿ 58 ಕಿಲೋ ಇಳಿಸಿದ್ದವರಿಗೆ 41 ಕಿಲೋ ವಾಪಸು ಬಂದಿತ್ತು. ಅದಕ್ಕಿಂತ ಬೇಸರದ ವಿಷಯ ಏನೆಂದರೆ, ಸುಮ್ಮನೆ ಮಲಗಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದದ್ದು ಅವರ ಗಾತ್ರಕ್ಕೆ ಇರಬೇಕಾದುದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ಆಸ್ಟ್ರೇಲಿಯಾದ 2011ರ ಇನ್ನೊಂದು ಅಧ್ಯಯನದಲ್ಲಿ, ಹತ್ತು ವಾರದ ಕಠಿಣ ಪಥ್ಯ ಮಾಡಿದವರಲ್ಲಿ ಹಸಿವು ಹೆಚ್ಚಿಸುವ ಹಾರ್ಮೋನುಗಳು ಒಂದು ವರ್ಷ ಕಳೆದರೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಸಿವಾಗುತ್ತದೆ ಅನ್ನುವುದು ಮನಸ್ಸು ಗಟ್ಟಿ ಇಲ್ಲದ್ದರಿಂದಲ್ಲ. ಹೊಟ್ಟೆಯೂ ಮಿದುಳೂ ಸೇರಿಕೊಂಡು ಕೇಳುತ್ತಿರುತ್ತವೆ.

ಹಾಗಾಗಿ ಒಂದೇ ಸಲಕ್ಕೆ ಉಪವಾಸ ಬಿದ್ದು ಹದಿನೈದು ಕಿಲೋ ಇಳಿಸುವ ಯೋಜನೆಗಳನ್ನು ಕಂಡರೆ ನನಗೆ ಭಯ. ರಮಝಾನಿನ ಅನುಭವವೂ ಇದನ್ನೇ ಹೇಳುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಉಪವಾಸದ ತಿಂಗಳಲ್ಲಿ ಸರಾಸರಿ ಒಂದು ಕಿಲೋ, ಒಂದೂವರೆ ಕಿಲೋ ಇಳಿಯುತ್ತದೆ, ಮುಂದಿನ ವಾರಗಳಲ್ಲಿ ಅದರ ಹೆಚ್ಚಿನ ಪಾಲು ವಾಪಸು ಬರುತ್ತದೆ. ಇಫ್ತಾರಿಗೆ ಸಮೋಸ, ಶರಬತ್ತು, ಆಮೇಲೆ ಹಲೀಮ್, ಸಹರಿಗೆ ಪರೋಟ ಅಂತ ಆದರೆ ಇಳಿಯುವುದೂ ಇಲ್ಲ, ಬದಲಿಗೆ ಏರುತ್ತದೆ. ತೂಕಕ್ಕಾಗಿ ಉಪವಾಸ ಹಿಡಿಯುವವರು ಯಾರೂ ಇಲ್ಲ ಬಿಡಿ. ಆದರೆ "ಉಪವಾಸ ಮಾಡಿಯೂ ದಪ್ಪಗಾದೆ" ಎನ್ನುವವರಿಗೆ ಕಾರಣ ಗೊತ್ತಿರಲಿ.

ನಮ್ಮ ದೇಶದವರಿಗೆ ಇನ್ನೊಂದು ತೊಡಕು ಹುಟ್ಟಿನಿಂದಲೇ ಇದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಒಂದೇ: 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕ್ ದೇಹದಲ್ಲಿ 21.2 ಶೇಕಡಾ! ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳ ಜೊತೆ ಹೋಲಿಸಿದಾಗಲೂ ಯಾಜ್ಞಿಕ್ ತಂಡಕ್ಕೆ ಕಂಡದ್ದು ಇದೇ. ನಮ್ಮ ಮಕ್ಕಳು ಸರಾಸರಿ 2.7 ಕಿಲೋ, ಅಲ್ಲಿಯವರು 3.5 ಕಿಲೋ. ಕಡಿಮೆಯಾಗಿದ್ದದ್ದು ಹೆಚ್ಚಾಗಿ ಸ್ನಾಯು, ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ಈ ಕಾರಣಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಅಂತ ನಮ್ಮ ವೈದ್ಯರು ಗೆರೆ ಎಳೆದಿದ್ದಾರೆ. ಪಾಶ್ಚಾತ್ಯರಿಗೆ ಈ ಗೆರೆ 25 ಮತ್ತು 30.

ಸ್ನಾಯು ಕಡಿಮೆ ಇರುವವರು ಬರೀ ಊಟ ಬಿಟ್ಟರೆ ಇರುವ ಸ್ನಾಯುವೂ ಕರಗುತ್ತದೆ. ಮುಳ್ಳು ಇಳಿಯಬಹುದು, ಹೊಟ್ಟೆ ಹಾಗೇ ಇರುತ್ತದೆ. ಆದ್ದರಿಂದ ನಡಿಗೆಯ ಜೊತೆ ವಾರಕ್ಕೆ ಎರಡು ಸಲವಾದರೂ ಭಾರದ ವ್ಯಾಯಾಮ ಬೇಕು. ಅದಕ್ಕೆ ಜಿಮ್ಮೇ ಆಗಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಹತ್ತು ಹದಿನೈದು ಸಲ ಏಳುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದು, ಎರಡು ನೀರಿನ ಬಾಟಲಿ ಎತ್ತುವುದು, ಇವೂ ಆಗುತ್ತವೆ. ಊಟದಲ್ಲಿ ಪ್ರೋಟೀನ್ ಬೇಕು. ನಮ್ಮ ಮನೆಗಳಲ್ಲಿ ಮೀನು, ಮೊಟ್ಟೆ, ಕೋಳಿ ಇಲ್ಲ ಅಂತಲ್ಲ, ತಟ್ಟೆ ತುಂಬ ಅನ್ನಕ್ಕೆ ಎರಡು ತುಂಡು ಇರುತ್ತದೆ. ಆ ಪ್ರಮಾಣವನ್ನು ಸ್ವಲ್ಪ ತಿರುಗಿಸಿ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ. ತಿಳಿಸಾರನ್ನು ನಂಬಿ ಕೂರಬೇಡಿ, ಬೇಳೆ ಗಟ್ಟಿಯಾಗಿರಲಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

ನಿದ್ದೆಯ ಬಗ್ಗೆ ನಗರದವರಿಗೆ ಹೇಳಲೇಬೇಕು. ಕಲ್ಯಾಣದಿಂದ ಚರ್ಚ್‌ಗೇಟ್ ಕಡೆಗೆ ದಿನಾ ಹೋಗಿ ಬರುವವರು ರಾತ್ರಿ ಹನ್ನೊಂದಕ್ಕೆ ಉಂಡು, ಐದಕ್ಕೆ ಎದ್ದು, ಆ ಐದೈದೂವರೆ ಗಂಟೆಯ ನಿದ್ದೆಯಲ್ಲೂ ವಾಕಿಂಗಿಗೆ ಪಾಲು ಕೊಡುತ್ತಾರೆ. ಶಿಕಾಗೋದಲ್ಲಿ 2010ರಲ್ಲಿ ಒಂದು ಸಣ್ಣ ಪ್ರಯೋಗ ನಡೆಯಿತು. ಅದೇ ಹತ್ತು ಜನರಿಗೆ ಅದೇ ಪಥ್ಯ ಕೊಟ್ಟು ಎರಡು ವಾರ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಾತ್ರ ಮಲಗಲು ಬಿಟ್ಟರು. ಇಳಿದ ತೂಕ ಹೆಚ್ಚು ಕಡಿಮೆ ಅಷ್ಟೇ. ಆದರೆ ನಿದ್ದೆಗೆಟ್ಟಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತಲೂ ಕಡಿಮೆಯಾಯಿತು, ಸ್ನಾಯು ಹೆಚ್ಚು ಹೋಯಿತು. ನಿದ್ದೆ ಕದ್ದು ನಡೆಯುವುದಕ್ಕಿಂತ ಒಂದು ಸ್ಟೇಷನ್ ಮೊದಲೇ ಇಳಿದು ನಡೆಯುವುದು ಒಳ್ಳೆಯದು.

ಕೆಲವೊಮ್ಮೆ ಕಾರಣ ಔಷಧದ ಚೀಟಿಯಲ್ಲೇ ಇರುತ್ತದೆ. ಇನ್ಸುಲಿನ್, ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್‌ನಂಥ ಮಾತ್ರೆಗಳು, ಸ್ಟೀರಾಯ್ಡ್‌ಗಳು, ಮಾನಸಿಕ ಕಾಯಿಲೆಗೆ ಕೊಡುವ ಓಲಾಂಝಪಿನ್, ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟ್, ಇವು ತೂಕ ಏರಿಸಬಲ್ಲವು. ನೀವಾಗಿ ನಿಲ್ಲಿಸಬೇಡಿ, ಅಪಾಯ. ಬದಲಿ ಇದೆಯಾ ಅಂತ ವೈದ್ಯರನ್ನು ಕೇಳಿ, ಎಷ್ಟೋ ಸಲ ಇರುತ್ತದೆ. ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುತ್ತಿದ್ದರೆ ಪಿಸಿಒಎಸ್ ಇರಬಹುದು. ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಒಳ್ಳೆಯದೇ, ಆದರೆ ಅದರ ಮೇಲೆ ಎಲ್ಲ ಹೊರೆ ಹಾಕಬೇಡಿ. ಥೈರಾಯ್ಡ್ ಕೊರತೆಯಿಂದ ಏರುವುದು ಸಾಮಾನ್ಯವಾಗಿ ಎರಡರಿಂದ ಐದು ಕಿಲೋ, ಅದರಲ್ಲೂ ಬಹುಪಾಲು ನೀರು ಮತ್ತು ಉಪ್ಪು.

ಈಗ ಎಲ್ಲರೂ ಕೇಳುವ ಇಂಜೆಕ್ಷನ್ನಿನ ವಿಷಯ. ಮೌಂಜಾರೊ, ವೆಗೋವಿ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಕೆಲಸ ಮಾಡುತ್ತವೆ, ಅದು ನಿಜ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ದೊಡ್ಡ ಪ್ರಯೋಗದಲ್ಲಿ 68 ವಾರಗಳಲ್ಲಿ ಸರಾಸರಿ 15 ಶೇಕಡಾ ತೂಕ ಇಳಿದಿತ್ತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ವಾಪಸು ಬಂತು. ಅಂದರೆ ಬಿಪಿ ಮಾತ್ರೆಯ ಹಾಗೆ ದೀರ್ಘಕಾಲ ಬೇಕಾಗುವ ಚಿಕಿತ್ಸೆ ಇದು, ಮಗಳ ಮದುವೆಗೆ ಮುಂಚೆ ನಾಲ್ಕು ತಿಂಗಳು ಚುಚ್ಚಿಸಿಕೊಳ್ಳುವ ವಸ್ತು ಅಲ್ಲ. ಬೊಜ್ಜಿನಿಂದ ನಿಜವಾಗಿ ತೊಂದರೆ ಇರುವವರು ವೈದ್ಯರ ಜೊತೆ ಕೂತು ನಿರ್ಧರಿಸಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಇನ್ನು ಚೆನ್ನೈಯ ಮಾತು. ಡಾ. ಎ. ರಾಮಚಂದ್ರನ್ ಮತ್ತು ತಂಡದವರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಕೊಟ್ಟರು. ಸುಮ್ಮನೆ ಬಿಟ್ಟವರಲ್ಲಿ 55 ಶೇಕಡಾ ಜನರಿಗೆ ಕಾಯಿಲೆ ಬಂತು. ದಿನಾ ನಡೆಯಲು ಮತ್ತು ಊಟ ಸರಿಮಾಡಿಕೊಳ್ಳಲು ಹೇಳಿದ ಗುಂಪಿನಲ್ಲಿ ಅದು 39 ಶೇಕಡಾ. ವಿಶೇಷ ಏನು ಗೊತ್ತಾ? ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದೇ ಇರಲಿಲ್ಲ. ಮುಳ್ಳು ಅಲ್ಲೇ ನಿಂತಿತ್ತು, ಒಳಗೆ ಸ್ನಾಯುಗಳು ಸಕ್ಕರೆಯನ್ನು ಮೊದಲಿಗಿಂತ ಚೆನ್ನಾಗಿ ಬಳಸುತ್ತಿದ್ದವು. "ಏನೂ ಪ್ರಯೋಜನ ಇಲ್ಲ" ಅಂತ ಅವರು ನಾಲ್ಕನೇ ತಿಂಗಳಿಗೇ ನಡಿಗೆ ಬಿಟ್ಟಿದ್ದರೆ?

ಆದ್ದರಿಂದ ತೂಕದ ಯಂತ್ರದ ಜೊತೆಗೆ ದರ್ಜಿಯ ಟೇಪೂ ಇಟ್ಟುಕೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯೆ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ತಿಂಗಳಿಗೊಮ್ಮೆ ಸೊಂಟ, ಮೂರು ತಿಂಗಳಿಗೊಮ್ಮೆ ಬಿಪಿ, ವರ್ಷಕ್ಕೊಮ್ಮೆ ರಕ್ತದ ಸಕ್ಕರೆ ಮತ್ತು ಕೊಲೆಸ್ಟೆರಾಲ್, ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರೂ ಅದರಲ್ಲೇ ಇರಲಿ. ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ.