ಆನ್‌ಲೈನ್ ಅಂಗಡಿಯಲ್ಲಿ ತಳವೆತ್ತಿದ ಸೇರು

ದಿನಸಿ ವ್ಯಾಪಾರದಲ್ಲಿ ಹಿಂದೆ ಒಂದು ಕೈಚಳಕವಿದ್ದಿತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಸೇರಿನ ಒಳತಳಕ್ಕೆ ಇನ್ನೊಂದು ತಗಡನ್ನು ಬೆಸೆದುಬಿಡುವುದು. ಹೊರನೋಟಕ್ಕೆ ಅದು ಸೇರೇ. ಆದರೆ ಹಿಡಿಯುತ್ತಿದ್ದುದು ಮುಕ್ಕಾಲು ಸೇರು. ನಮ್ಮನ್ನು ಹೊಟೇಲಿನ ಗಲ್ಲೆಯ ಮೇಲೆ ಕುಳ್ಳಿರಿಸಿದ ದಿನವೇ ಅವರು ಕಲಿಸಿದ ಮೊದಲ ಪಾಠವೆಂದರೆ, ಬಂದ ಮಾಲನ್ನು ಬೇರೆಯವರ ತಕ್ಕಡಿಯನ್ನು ನಂಬದೆ ನಮ್ಮದೇ ತಕ್ಕಡಿಯಲ್ಲಿ ತೂಗಿಯೇ ಒಳಗೆ ತೆಗೆದುಕೊಳ್ಳಬೇಕೆಂಬುದು. ಇಪ್ಪತ್ತು ವರ್ಷ ಅಕ್ಕಿ, ಬೇಳೆ, ಹಾಲು, ಎಣ್ಣೆಗಳ ವಿಷಯದಲ್ಲಿ ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸಿದ ನಾವು, ಅಂಗೈಯಗಲದ ಒಂದು ವಿದ್ಯುನ್ಮಾನ ಸಾಧನವನ್ನು ಕೊಳ್ಳುವಾಗ ಅದನ್ನು ಮರೆತೆವು. ಆ ಪ್ರಸಂಗವನ್ನು ಸಂಕೋಚದಿಂದಲೇ ವಾಚಕರ ಮುಂದಿಡುತ್ತಿದ್ದೇವೆ.

2022ರ ದೀಪಾವಳಿಯ ಹಿಂದಿನ ವಾರ. ನಮ್ಮ ನೆರೆಯ ಕನ್ನಡ ಸಂಘವೊಂದು ತನ್ನ ಹಳೆಯ ಕಾರ್ಯಕ್ರಮಗಳ ಛಾಯಾಚಿತ್ರಗಳನ್ನೂ, ಕೆಲವು ಹಿರಿಯ ಸದಸ್ಯರ ಮಾತುಗಳ ಧ್ವನಿಮುದ್ರಣಗಳನ್ನೂ ಒಂದೆಡೆ ಕೂಡಿಡುವ ಕೆಲಸವನ್ನು ನಮಗೆ ಒಪ್ಪಿಸಿತ್ತು. ಅದಕ್ಕಾಗಿ ಎರಡು ಟೆರಾಬೈಟ್ ಸಾಮರ್ಥ್ಯದ ಒಂದು ಕಿಸೆ ಡಿಸ್ಕ್ ಬೇಕಾಗಿತ್ತು. ರಾತ್ರಿ ಹೊಟೇಲಿನ ಲೆಕ್ಕ ಮುಗಿಸಿ ಮೊಬೈಲನ್ನು ತೆರೆದರೆ, 8,999 ರೂಪಾಯಿಯನ್ನು ಗೀಟು ಹಾಕಿ ಹೊಡೆದು, ಅದರ ಕೆಳಗೆ 1,199 ರೂಪಾಯಿ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ನಾಲ್ಕೂವರೆ ನಕ್ಷತ್ರಗಳಿದ್ದವು. ‘ಇನ್ನು ಎರಡೇ ಉಳಿದಿವೆ’ ಎಂಬ ಎಚ್ಚರಿಕೆಯ ಪಕ್ಕದಲ್ಲಿ ಒಂದು ಗಡಿಯಾರವು ಒಂಬತ್ತು ನಿಮಿಷದಿಂದ ಹಿಂದಕ್ಕೆ ಓಡುತ್ತಿತ್ತು. ಹೆಸರುವಾಸಿ ಕಂಪನಿಗಳ ಅದೇ ಸಾಮರ್ಥ್ಯದ ಡಿಸ್ಕುಗಳಿಗೆ ಇದರ ಹಲವು ಪಟ್ಟು ಬೆಲೆಯಿರುವುದನ್ನು ನಾವು ಆಗಲೇ ಕಂಡಿದ್ದೆವು. ಕಂಡೂ ಕೊಂಡೆವು.

ಪೆಟ್ಟಿಗೆ ಬಂದಿತು. ಕಂಪ್ಯೂಟರಿಗೆ ಜೋಡಿಸಿದಾಗ ಎರಡು ಟೆರಾಬೈಟ್ ಎಂದೇ ತೋರಿಸಿತು. ಎರಡು ರಾತ್ರಿ ಕುಳಿತು ಎಲ್ಲವನ್ನೂ ಅದಕ್ಕೆ ತುಂಬಿದೆವು. ಒಂದೊಂದು ಚಿತ್ರದ ಹೆಸರೂ ಸಾಲಾಗಿ ಕಾಣುತ್ತಿತ್ತು. ಆ ಧೈರ್ಯದ ಮೇಲೆ ಹಳೆಯ ಕಂಪ್ಯೂಟರನ್ನು ತೊಳೆದು ಒಬ್ಬ ವಿದ್ಯಾರ್ಥಿಗೆ ಕೊಟ್ಟುಬಿಟ್ಟೆವು. ಐದು ತಿಂಗಳ ತರುವಾಯ ಸ್ಮರಣ ಸಂಚಿಕೆಯ ಕೆಲಸಕ್ಕಾಗಿ ತೆರೆದಾಗ ಮೊದಲಿನ ಕೆಲವು ನೂರು ಚಿತ್ರಗಳು ತೆರೆದುಕೊಂಡವು. ಅನಂತರದ ಯಾವುದೂ ತೆರೆಯಲಿಲ್ಲ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಮಾಡುವ ನಮ್ಮ ಅಕ್ಕನ ಮಗನ ಬಳಿಗೆ ಒಯ್ದೆವು. ಅವನು ಪ್ಲಾಸ್ಟಿಕ್ಕಿನ ಕವಚವನ್ನು ಬಿಡಿಸಿದ. ಒಳಗೆ ಅಂಟಿನಿಂದ ಹಚ್ಚಿದ್ದ, ಉಗುರಿನಷ್ಟು ದೊಡ್ಡ ಮೆಮರಿ ಕಾರ್ಡು ಒಂದಿತ್ತು. ಅದರ ನಿಜವಾದ ಸಾಮರ್ಥ್ಯ 64 ಗಿಗಾಬೈಟ್. ‘ಮಾವ, ಹೆಸರುಗಳು ಮಾತ್ರ ಇವೆ, ಒಳಗೆ ಏನೂ ಇಲ್ಲ’ ಎಂದ.

ಇದರ ಮರ್ಮವಿಷ್ಟೆ. ಡಿಸ್ಕಿನೊಳಗಿರುವ ನಿಯಂತ್ರಕ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ‘ನಿನ್ನಲ್ಲಿ ಎಷ್ಟು ಸ್ಥಳವಿದೆ?’ ಎಂದು ಕಂಪ್ಯೂಟರು ಕೇಳಿದರೆ, ಅದು ‘ಎರಡು ಟೆರಾಬೈಟ್’ ಎನ್ನುತ್ತದೆ. ನಿಜವಾದ ಸ್ಥಳ ತುಂಬಿದ ಮೇಲೂ ‘ತುಂಬಿತು’ ಎಂದು ಹೇಳದೆ, ಬಂದುದನ್ನೆಲ್ಲ ಸ್ವೀಕರಿಸಿದಂತೆ ನಟಿಸಿ, ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ ಇಲ್ಲವೆ ಹೊಸದನ್ನು ಎಸೆದುಬಿಡುತ್ತದೆ. ತಳವೆತ್ತಿದ ಸೇರಿನಲ್ಲಿ ಕಾಲು ಸೇರು ಅಕ್ಕಿ ಮಾತ್ರ ಹೋಗುತ್ತಿತ್ತು. ಇಲ್ಲಿ ಹೋದುದು ನಮ್ಮನ್ನು ನಂಬಿ ಪರರು ಕೊಟ್ಟ ಸ್ವತ್ತು.

ಹಿಂದಿರುಗಿಸಲು ಕೊಟ್ಟಿದ್ದ ಏಳು ದಿನಗಳ ಗಡುವು ಎಂದೋ ಮುಗಿದಿತ್ತು. ಮಾರಿದವನ ಅಂಗಡಿಯ ಹೆಸರೇ ತಾಣದಿಂದ ಮಾಯವಾಗಿತ್ತು. ತಾಣದವರು ತಾವು ಮಧ್ಯವರ್ತಿಗಳು ಮಾತ್ರವೆಂದು ಸೌಜನ್ಯದಿಂದ ಉತ್ತರ ಬರೆದರು.

ವಿದ್ಯುನ್ಮಾನ ವಸ್ತುಗಳಲ್ಲಿ ಈ ಬಗೆಯ ವಂಚನೆ ಸುಲಭವಾಗಿ ನಡೆಯುವುದಕ್ಕೆ ಕಾರಣವುಂಟು. ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು; ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡಬಹುದು. ವಿದ್ಯುತ್ತನ್ನಾಗಲಿ ಗಿಗಾಬೈಟನ್ನಾಗಲಿ ಬರಿಗಣ್ಣಿನಿಂದ ಅಳೆಯುವಂತಿಲ್ಲ. ಮಾರುವವನು ಬರೆದ ಅಂಕೆಯನ್ನೇ ನಂಬಬೇಕಾಗುತ್ತದೆ. ಆ ಅಂಕೆ ಸಂಪೂರ್ಣ ಸುಳ್ಳಾಗಿರಬೇಕೆಂದೂ ಇಲ್ಲ. 10,000 ಮಿಲಿಆಂಪಿಯರ್-ಗಂಟೆಯ ಪವರ್ ಬ್ಯಾಂಕನ್ನು ತೆಗೆದುಕೊಳ್ಳಿ. ಆ ಅಂಕೆಯು ಒಳಗಿನ ಬ್ಯಾಟರಿಯದು, 3.7 ವೋಲ್ಟಿನ ಲೆಕ್ಕದಲ್ಲಿ. ಮೊಬೈಲಿಗೆ ಹೋಗುವುದು 5 ವೋಲ್ಟಿನಲ್ಲಿ. ಆ ಲೆಕ್ಕದಲ್ಲಿ ಅದು 7,400 ಆಗುತ್ತದೆ. ಪರಿವರ್ತನೆಯಲ್ಲಿ ಶಾಖವಾಗಿ ಹೋಗುವುದನ್ನು ಕಳೆದರೆ ಉಳಿಯುವುದು ಆರು ಸಾವಿರದ ಆಸುಪಾಸು. ಪ್ರಾಮಾಣಿಕ ಕಂಪನಿಯು ಇದನ್ನು ಪೆಟ್ಟಿಗೆಯ ಹಿಂದೆ ಸಣ್ಣಕ್ಷರದಲ್ಲಾದರೂ ಅಚ್ಚು ಮಾಡಿರುತ್ತದೆ. ಕಳ್ಳನು ದೊಡ್ಡ ಅಂಕೆಯನ್ನು ಇನ್ನೂ ದೊಡ್ಡದು ಮಾಡಿರುತ್ತಾನೆ. ಧ್ವನಿವರ್ಧಕಗಳ ಮೇಲೆ ಸಾವಿರಾರು ವ್ಯಾಟ್ ‘ಪಿ.ಎಂ.ಪಿ.ಓ.’ ಎಂದಿದ್ದರೆ ಅದು ಕಣ್ಣೆವೆಯಿಕ್ಕುವಷ್ಟು ಹೊತ್ತಿನ ಶಿಖರದ ಅಂಕೆ. ನಿರಂತರವಾಗಿ ಕೊಡುವ ಶಕ್ತಿಯನ್ನು ಹೇಳುವುದು ‘ಆರ್.ಎಂ.ಎಸ್.’ ಅಂಕೆ. ಅಗ್ಗದ ಪ್ರೊಜೆಕ್ಟರುಗಳಲ್ಲಿ ‘ಫುಲ್ ಎಚ್‌ಡಿ ಸಪೋರ್ಟ್’ ಎಂಬ ಮಾತು ಬಹಳ ಬಳಕೆಯಲ್ಲಿದೆ. ಅಂಥ ಚಿತ್ರವನ್ನು ಅದು ಒಳಗೆ ತೆಗೆದುಕೊಳ್ಳುತ್ತದೆಂದಷ್ಟೇ ಅದರ ಅರ್ಥ. ಗೋಡೆಯ ಮೇಲೆ ತೋರಿಸುವುದು ಎಷ್ಟೋ ಕಡಿಮೆ ಸ್ಪಷ್ಟತೆಯದಾಗಿರಬಹುದು. ‘ನೇಟಿವ್ ರೆಸೊಲ್ಯೂಶನ್’ ಎಂಬ ಸಾಲಿನ ಅಂಕೆಯನ್ನೇ ಹುಡುಕಿ ನೋಡಬೇಕು. ಆ ಸಾಲೇ ಇಲ್ಲದಿದ್ದರೆ ಕಾರಣವನ್ನು ಊಹಿಸಿಕೊಳ್ಳಬಹುದು. ಮೊಬೈಲು, ಚಾರ್ಜರು, ಪವರ್ ಬ್ಯಾಂಕುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ವಸ್ತುವಿನ ಮೇಲಿನ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಬ್ಯೂರೋದ ‘ಬಿ.ಐ.ಎಸ್. ಕೇರ್’ ಆ್ಯಪಿನಲ್ಲಿ ಹಾಕಿದರೆ, ಅದು ಯಾರ ಹೆಸರಿನಲ್ಲಿದೆಯೆಂಬುದು ಕ್ಷಣದಲ್ಲಿ ತಿಳಿಯುತ್ತದೆ.

ಇನ್ನು ಆ ಓಡುವ ಗಡಿಯಾರದ ವಿಷಯ. ಮರುದಿನ ನೋಡಿದಾಗಲೂ ಅದು ಒಂಬತ್ತು ನಿಮಿಷದಿಂದಲೇ ಓಡುತ್ತಿತ್ತು! ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು ಇಂಥ 13 ಬಗೆಯ ತಂತ್ರಗಳನ್ನು ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿನಲ್ಲಿ ನಿಷೇಧಿಸಿವೆ. ಸುಳ್ಳು ತುರ್ತನ್ನು ಹುಟ್ಟಿಸುವುದು ಅವುಗಳಲ್ಲಿ ಮೊದಲನೆಯದು. ಗಿರಾಕಿಗೆ ತಿಳಿಯದಂತೆ ಬುಟ್ಟಿಯಲ್ಲಿ ಇನ್ನೊಂದು ಸಾಮಾನನ್ನೋ ವಿಮೆಯನ್ನೋ ಸೇರಿಸುವುದು, ಮೊದಲು ಒಂದು ಬೆಲೆಯನ್ನು ತೋರಿಸಿ ಹಣ ಕೊಡುವ ಹೊತ್ತಿಗೆ ಅದು ಇದು ಎಂದು ಏರಿಸುವುದು, ಬೇಡವೆನ್ನುವವನಿಗೆ ನಾಚಿಕೆಯಾಗುವಂತೆ ಮಾತು ಜೋಡಿಸುವುದು, ಇವೂ ಆ ಪಟ್ಟಿಯಲ್ಲಿವೆ. ಟಿವಿ ಕೊಳ್ಳುವಾಗ ‘ಬೇಡ, ನನ್ನ ಟಿವಿಗೆ ರಕ್ಷಣೆಯ ಅಗತ್ಯವಿಲ್ಲ’ ಎಂಬ ಗುಂಡಿಯನ್ನು ಒತ್ತಬೇಕಾಗಿ ಬಂದ ವಾಚಕರು ಎಷ್ಟು ಮಂದಿಯಿಲ್ಲ! ಮೊದಲೇ ಗುರುತು ಹಾಕಿಟ್ಟ ಚೌಕವನ್ನು ಗಿರಾಕಿಯ ಒಪ್ಪಿಗೆಯೆಂದು ಎಣಿಸಕೂಡದೆಂದು 2020ರ ಇ-ವಾಣಿಜ್ಯ ನಿಯಮಗಳಲ್ಲಿಯೇ ಹೇಳಿದೆ. ನಿಯಮವಿದ್ದರೂ ಹಣ ಕೊಡುವ ಮುನ್ನ ಬಿಲ್ಲಿನ ಒಂದೊಂದು ಸಾಲನ್ನೂ ಬೆರಳಿಟ್ಟು ಓದುವುದು ಒಳ್ಳೆಯದು. ಹೊಟೇಲಿನಲ್ಲಿ ಎರಡು ಇಡ್ಲಿಗೆ ಮೂರು ಎಂದು ಬರೆದರೆ ಗಿರಾಕಿ ಸುಮ್ಮನಿರುತ್ತಾನೆಯೆ?

ಗೀಟು ಹಾಕಿದ ಬೆಲೆಗೂ ಹೆಚ್ಚು ಮರ್ಯಾದೆ ಕೊಡಬೇಕಾಗಿಲ್ಲ. ಗರಿಷ್ಠ ಚಿಲ್ಲರೆ ಬೆಲೆಯೆಂಬುದು ಮೀರಕೂಡದ ಮಿತಿ ಮಾತ್ರ. ಅದನ್ನು ನಿಗದಿಪಡಿಸುವವನು ತಯಾರಕ ಇಲ್ಲವೆ ಆಮದು ಮಾಡುವವನು. ಆ ಬೆಲೆಗೆ ಎಂದಾದರೂ ಒಂದು ವಸ್ತುವಾದರೂ ಮಾರಾಟವಾಗಿರಬೇಕೆಂಬ ನಿಯಮವೇನೂ ಇಲ್ಲ. ‘ಬಡ್ಡಿಯಿಲ್ಲದ ಕಂತು’ ಎಂಬುದರ ಬಗ್ಗೆ ರಿಸರ್ವ್ ಬ್ಯಾಂಕು 2013ರಲ್ಲಿಯೇ, ಶೂನ್ಯ ಬಡ್ಡಿಯೆಂಬುದು ಇಲ್ಲವೇ ಇಲ್ಲ, ಅದು ಬೇರೆ ಶುಲ್ಕಗಳ ವೇಷದಲ್ಲಿ ಬರುತ್ತದೆಂದು ಬ್ಯಾಂಕುಗಳನ್ನು ಎಚ್ಚರಿಸಿತ್ತು. ನಕ್ಷತ್ರಗಳ ಕಥೆಯೂ ಹಾಗೆಯೇ. ಪೆಟ್ಟಿಗೆಯೊಳಗೆ ‘ಐದು ನಕ್ಷತ್ರ ಕೊಟ್ಟರೆ ನೂರು ರೂಪಾಯಿ ವಾಪಸು’ ಎಂಬ ಚೀಟಿಯನ್ನು ನಾವೇ ಕಂಡಿದ್ದೇವೆ. ಒಂದು ಮತ್ತು ಎರಡು ನಕ್ಷತ್ರ ಕೊಟ್ಟವರು ಬರೆದುದನ್ನು ಮೊದಲು ಓದಿದರೆ ಸಮಯ ಉಳಿಯುತ್ತದೆ. ನಮ್ಮ ಡಿಸ್ಕಿನ ಪುಟದ ಕೆಳಭಾಗದಲ್ಲಿ ‘ಫೈಲುಗಳು ತೆರೆಯುತ್ತಿಲ್ಲ’ ಎಂದು ಬರೆದವರಿದ್ದರು. ನಾವು ಅಷ್ಟು ಕೆಳಗೆ ಇಳಿಯಲಿಲ್ಲ.

ಪರಸ್ಥಳದಲ್ಲಿರುವ ನಮ್ಮ ಜನಕ್ಕೆ ವಿಶೇಷವಾಗಿ ಅನ್ವಯಿಸುವ ಒಂದು ಮಾತಿದೆ. ಮುಂಬಯಿಯಲ್ಲೋ ಪುಣೆಯಲ್ಲೋ ಕುಳಿತು ಮಗನು ಕಾರ್ಕಳದಲ್ಲಿರುವ ತಾಯಿಗೆ ಟಿವಿ ಕಳುಹಿಸುತ್ತಾನೆ. ತಲಪಿಸುವ ಹುಡುಗನು ಬಾಗಿಲಲ್ಲಿ ನಿಂತು ‘ಅಮ್ಮಾ, ಒಟಿಪಿ ಹೇಳಿ’ ಎನ್ನುತ್ತಾನೆ. ತಾಯಿ ಮಗನಿಗೆ ಫೋನು ಮಾಡುತ್ತಾಳೆ. ಮಗನು ಕೆಲಸದ ಗಡಿಬಿಡಿಯಲ್ಲಿ ಸಂಖ್ಯೆಯನ್ನು ಹೇಳಿಬಿಡುತ್ತಾನೆ. ಪೆಟ್ಟಿಗೆಯನ್ನು ತೆರೆಯುವುದು ಸಂಜೆಗೆ. ಪರದೆ ಒಡೆದಿದ್ದರೆ ಅಥವಾ ಬೇರೆ ಮಾದರಿ ಬಂದಿದ್ದರೆ, ಸರಿಯಾದ ಮಾಲು ತಲಪಿತೆಂಬುದಕ್ಕೆ ತಾಯಿಯೇ ಕೊಟ್ಟ ಆ ಸಂಖ್ಯೆಯನ್ನು ಸಾಕ್ಷಿಯಾಗಿ ಮುಂದೊಡ್ಡುತ್ತಾರೆ. ‘ಓಪನ್ ಬಾಕ್ಸ್ ಡೆಲಿವರಿ’ ಇರುವ ಕಡೆ ಅದನ್ನೇ ಆರಿಸಿ, ಹುಡುಗನ ಎದುರಿಗೇ ಪೆಟ್ಟಿಗೆ ಬಿಚ್ಚಿ, ಮಾದರಿಯ ಸಂಖ್ಯೆಯನ್ನು ತಾಳೆ ನೋಡಿದ ಮೇಲೆಯೇ ಒಟಿಪಿ ಹೇಳಬೇಕೆಂದು ಊರಿನವರಿಗೆ ಮುಂಚಿತವಾಗಿ ತಿಳಿಸಿರಬೇಕು. ಆ ಸೌಕರ್ಯವಿಲ್ಲದ ಕಡೆ, ಮುದ್ರೆ ಒಡೆಯುವ ಮೊದಲಿನಿಂದ ಕೊನೆಯವರೆಗೆ ನೆರೆಮನೆಯ ಹುಡುಗನಿಂದ ವಿಡಿಯೋ ತೆಗೆಸಿಡಬೇಕು. ದುರಸ್ತಿಯ ಜನರು ಆ ಊರಿಗೆ ಬರುವರೆ ಎಂಬುದನ್ನು ಕಂಪನಿಯವರನ್ನೇ ಕೇಳಿ ತಿಳಿಯುವುದೂ ಅಗತ್ಯ. ‘ಮಾರಾಟಗಾರರ ವಾರಂಟಿ’ ಎಂದಿದ್ದರೆ ಅದರ ಆಯುಸ್ಸು ಮಾರಾಟಗಾರರ ಆಯುಸ್ಸಿನಷ್ಟೇ.

ಮೋಸಹೋದ ಮೇಲೆ ಮಾಡಬೇಕಾದುದೂ ಉಂಟು. ಮೊದಲು ತಾಣದ ದೂರು ಅಧಿಕಾರಿಗೆ ಬರೆಯಬೇಕು. 48 ಗಂಟೆಗಳೊಳಗೆ ಸ್ವೀಕೃತಿಯನ್ನೂ, ಒಂದು ತಿಂಗಳೊಳಗೆ ಪರಿಹಾರವನ್ನೂ ಕೊಡಬೇಕೆಂದು ನಿಯಮವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೂ ದೂರು ಹೇಳಬಹುದು. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆಯು ನಮ್ಮಂಥವರಿಗೆ ಒಂದು ದೊಡ್ಡ ಉಪಕಾರ ಮಾಡಿದೆ: ಮಾರಿದವನ ಊರಿಗೆ ಅಲೆಯದೆ, ನಾವು ವಾಸಿಸುವ ಅಥವಾ ದುಡಿಯುವ ಊರಿನ ಆಯೋಗದಲ್ಲಿಯೇ ದಾವೆ ಹೂಡಬಹುದು. ಐದು ಲಕ್ಷ ರೂಪಾಯಿಗಳ ವರೆಗೆ ಶುಲ್ಕವಿಲ್ಲ. ಕಾಲಾವಧಿ ಎರಡು ವರ್ಷ. ಹೊಟೇಲು ಬಾಂಧವರು ಮಾತ್ರ ಒಂದನ್ನು ನೆನಪಿಡಬೇಕು. ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಈ ಕಾಯಿದೆಯಡಿ ಗ್ರಾಹಕನೆನಿಸಿಕೊಳ್ಳುವುದು ಕಷ್ಟ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸುವವನಿಗೆ ಮಾತ್ರ ವಿನಾಯಿತಿಯಿದೆ. ಮನೆಯ ಫ್ರಿಜ್ಜನ್ನು ಜಿ.ಎಸ್.ಟಿ.ಯ ಆಸೆಗೆ ಹೊಟೇಲಿನ ಹೆಸರಿನಲ್ಲಿ ಬಿಲ್ಲು ಮಾಡಿಸುವವರು ಎರಡು ಸಲ ಯೋಚಿಸುವುದು ಲೇಸು.

ನಾವು ದಾವೆ ಹೂಡಲಿಲ್ಲ. ಮಾರಿದವನ ವಿಳಾಸವನ್ನು ಮೊದಲೇ ಬರೆದಿಟ್ಟುಕೊಂಡಿರಲಿಲ್ಲ. ಸಂಘದವರ ಮುಂದೆ ನಿಂತು ನಡೆದುದನ್ನು ಹೇಳಿದೆವು. ಅವರು ಬಯ್ಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಕ್ಕನ ಮಗನೇ ಇನ್ನೊಂದು ಡಿಸ್ಕನ್ನು ತಂದುಕೊಟ್ಟು, ಅದರ ತುಂಬ ಬರೆದು ಮತ್ತೆ ಓದಿ ಪರೀಕ್ಷಿಸುವ ಒಂದು ಉಚಿತ ಪ್ರೋಗ್ರಾಮನ್ನು ನಡೆಸಿದ. ‘ಎಫ್3’ ಎಂದು ಅದರ ಹೆಸರು. ಒಂದು ರಾತ್ರಿಯೂ ಮರುದಿನದ ಅರ್ಧ ಹಗಲೂ ಅದಕ್ಕೆ ಹಿಡಿಯಿತು. ಡಿಸ್ಕು ಸಾಚಾ ಎಂದು ತಿಳಿದ ಬಳಿಕವೇ ಸದಸ್ಯರ ಮೊಬೈಲುಗಳಿಂದಲೂ ಆಲ್ಬಮ್ಮುಗಳಿಂದಲೂ ಹುಡುಕಿ ತಂದ ಚಿತ್ರಗಳನ್ನು ಅದಕ್ಕೆ ತುಂಬತೊಡಗಿದೆವು; ಈ ಸಲ ಎರಡು ಕಡೆ. ಸುಮಾರು ಅರ್ಧದಷ್ಟು ಚಿತ್ರಗಳು ಮರಳಿ ಬಂದಿವೆ. ಧ್ವನಿಮುದ್ರಣಗಳಲ್ಲಿ ಒಂದೂ ಸಿಕ್ಕಿಲ್ಲ. ಮಾತನಾಡಿದ್ದ ಹಿರಿಯರಲ್ಲಿ ಇಬ್ಬರು ಈಗಿಲ್ಲ.