ಎಂಜಿನ್ ಆಯಿಲ್ ಸೋರಿಕೆ: ದುರಸ್ತಿಗೆ ಮುನ್ನ ಮೂಲಶೋಧನೆ

ಕಾರು ನಿಲ್ಲಿಸಿದ ಜಾಗದಲ್ಲಿ ಆಯಿಲ್ ಕಲೆ ಕಂಡೊಡನೆ ಗ್ಯಾರೇಜಿನ ಅಂದಾಜು ಪಟ್ಟಿಗೆ ಒಪ್ಪಿಗೆ ನೀಡುವುದು ವಿವೇಕವಲ್ಲ. ಆಯಿಲ್ ಕೆಳಮುಖವಾಗಿ ಹರಿಯುತ್ತದೆ. ಓಟದ ಗಾಳಿಗೆ ಹಿಂದಕ್ಕೂ ಸರಿಯುತ್ತದೆ. ಆದ್ದರಿಂದ ತೊಟ್ಟಿಕ್ಕುವ ಸ್ಥಳವೇ ಸೋರುವ ಸ್ಥಳವೆಂದು ತಿಳಿಯಲಾಗದು. ಮೇಲ್ಭಾಗದ ವಾಲ್ವ್ ಕವರ್ ಗ್ಯಾಸ್ಕೆಟ್ ಸೋರಿದರೂ ಹನಿಯು ಗೇರ್‌ಬಾಕ್ಸಿನ ಸಂದಿನಲ್ಲಿ ಕಾಣಿಸಬಹುದು. ಅದನ್ನು ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲಿನ ದೋಷವೆಂದು ಎಣಿಸಿದರೆ ಗೇರ್‌ಬಾಕ್ಸ್ ಇಳಿಸುವ ಕೂಲಿಯು ಸೀಲಿನ ಬೆಲೆಯ ಹಲವು ಪಟ್ಟಾಗುತ್ತದೆ. ಸೋರಿಕೆ ಮಾತ್ರ ನಿಲ್ಲದು.

ಎಂಜಿನ್ನನ್ನು ಮೊದಲು ಶುಚಿಗೊಳಿಸಿ, ಸ್ವಲ್ಪ ದೂರ ಓಡಿಸಿ, ಮೇಲಿನಿಂದ ಕೆಳಕ್ಕೆ ಪರಿಶೀಲಿಸತಕ್ಕದ್ದು. ಇತ್ತೀಚೆಗಷ್ಟೇ ಆಯಿಲ್ ಬದಲಾಯಿಸಿದ್ದಲ್ಲಿ ಫಿಲ್ಟರ್ ಹಾಗೂ ಡ್ರೈನ್ ಪ್ಲಗ್ಗಿನ ವಾಷರಿನ ಮೇಲೆಯೇ ಮೊದಲ ಅನುಮಾನ. ಆಗಲೂ ಮೂಲ ಸಿಗದಿದ್ದರೆ ಆಯಿಲಿಗೆ ವಿಶೇಷ ಬಣ್ಣ ಬೆರೆಸಿ ನೇರಳಾತೀತ ದೀಪದಡಿ ನೋಡಬಹುದು. ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಹೆಚ್ಚಿ ಹೊಸ ಗ್ಯಾಸ್ಕೆಟ್ಟೂ ಸೋರೀತು. ಬಹುತೇಕ ಬಿಲ್ಲುಗಳಲ್ಲಿ ಈ ಅಗ್ಗದ ಬಿಡಿಭಾಗದ ಹೆಸರೇ ಇರುವುದಿಲ್ಲ. ದುರಸ್ತಿಯಾಗುವವರೆಗೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟವನ್ನು ನಿತ್ಯ ನೋಡಬೇಕು. ಆಯಿಲ್ ಒತ್ತಡದ ಕೆಂಪು ದೀಪ ಹೊತ್ತಿಕೊಂಡರೆ ಎಂಜಿನ್ನನ್ನು ಒಡನೆಯೇ ನಿಲ್ಲಿಸತಕ್ಕದ್ದು.

ಸರಕು ಸಾಗಣೆ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಯನ್ನು ನೋಂದಾಯಿತ ವರ್ತಕರು ಸಾಮಾನ್ಯವಾಗಿ ಇನ್‌ಪುಟ್ ತೆರಿಗೆಯಾಗಿ ಜಮೆ ಪಡೆಯಬಹುದು. ಮಾಲೀಕರು ಓಡಾಡುವ ಕಾರಿನ ದುರಸ್ತಿಗೆ ಈ ಸೌಲಭ್ಯವಿಲ್ಲ.