‘ಎಲ್ಲಿಂದ’ ಅಲ್ಲ, ‘ಯಾವಾಗ’

“ಸದ್ದು ಎಲ್ಲಿಂದ ಬರ್ತದೆ ಅಂತ ಹೇಳ್ಬೇಡಿ ಸ್ವಾಮಿ, ಯಾವಾಗ ಬರ್ತದೆ ಅಂತ ಹೇಳಿ.”

ಮೂಡಿಗೆರೆ ಕಡೆಯ ಒಂದು ತಗಡಿನ ಶೆಡ್ಡಿನ ಗ್ಯಾರೇಜಿಗೆ ಜೀಪು ತಂದವರಿಗೆಲ್ಲ ಅಲ್ಲಿನ ಮೇಸ್ತ್ರಿ ಹೇಳುವ ಮೊದಲ ಮಾತು ಇದು. ಎಕ್ಸಲೇಟರ್ ಕೊಟ್ಟಾಗಲೋ, ಬಿಟ್ಟಾಗಲೋ? ತಿರುವಿನಲ್ಲೋ, ನೇರ ದಾರಿಯಲ್ಲೋ? ಕಬ್ಬಿಣದ ಚಾಸಿಯಲ್ಲಿ ಸದ್ದು ಹರಿದಾಡುತ್ತದೆ, ಮುಂದಿನ ಗಾಲಿಯ ಬೇರಿಂಗು ಹಿಂದಿನ ಸೀಟಿನಡಿ ಗುರುಗುಟ್ಟಿದಂತೆ ಕೇಳಿಸುತ್ತದೆ. ಹಾಗಾಗಿ ಮೇಸ್ತ್ರಿಗೆ ಜಾಗದ ಮೇಲೆ ನಂಬಿಕೆಯಿಲ್ಲ, ಹೊತ್ತಿನ ಮೇಲಿದೆ.

ಎರಡನೇ ಮಹಾಯುದ್ಧಕ್ಕೆಂದು ಹುಟ್ಟಿದ ವಿಲ್ಲೀಸ್ ಜೀಪನ್ನು 1940ರ ದಶಕದ ಕೊನೆಯಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ಜೋಡಿಸತೊಡಗಿದರು. ಸೇನೆ ಬಿಟ್ಟ ಗಾಡಿಗಳೂ ಘಟ್ಟ ಹತ್ತಿ ಕಾಫಿ ತೋಟ ಸೇರಿದವು ಎಂದು ಮೇಸ್ತ್ರಿಗೆ ಅವರ ಗುರು ಹೇಳಿದ್ದರಂತೆ. ಚರಿತ್ರೆಯ ಬಗ್ಗೆ ಅವರಿಗೆ ಇಷ್ಟೇ ಆಸಕ್ತಿ. ಮಾತು ಆಕ್ಸಲಿನೊಳಗಿನ ಹಲ್ಲುಚಕ್ರಗಳಾದ ಕ್ರೌನು-ಪಿನಿಯನ್ನಿಗೆ ಬಂದರೆ ಮಾತ್ರ ಕಣ್ಣು ಹೊಳೆಯುತ್ತದೆ.

ಸ್ಪ್ಯಾನರ್ ಮುಟ್ಟುವ ಮೊದಲು ಗಾಡಿ ರಸ್ತೆಗಿಳಿಯಬೇಕು. ಸಮತಟ್ಟು ದಾರಿಯಲ್ಲಿ ವೇಗ ಹಿಡಿಸಿ ನ್ಯೂಟ್ರಲ್ ಮಾಡುತ್ತಾರೆ. ಎಂಜಿನ್ ವೇಗ ಇಳಿದರೂ ಸದ್ದು ಉಳಿದರೆ ಎಂಜಿನ್ನು, ಕ್ಲಚ್ಚು ಎರಡೂ ಪಾರು. ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಗೆ ಹೋಗುತ್ತದೆ. ಆಗ ಗುರುಗುಟ್ಟುವಿಕೆ ಏರಿದರೆ ಅನುಮಾನ ಬಲಗಡೆ ಬೇರಿಂಗಿನ ಮೇಲೆ. ಕ್ರೌನಿನ ಹಲ್ಲಿಗೆ ಎರಡು ಮುಖ: ಗಾಡಿ ಎಳೆಯುವಾಗ ಒಂದು, ಎಕ್ಸಲೇಟರ್ ಬಿಟ್ಟಾಗ ಇನ್ನೊಂದು ಒತ್ತುತ್ತದೆ. ‘ಗುಂಯ್’ ಅನ್ನುವುದು ಯಾವಾಗ ಎಂಬುದರ ಮೇಲೆ ಸವೆದ ಮುಖ ಯಾವುದೆಂದು ಅಂದಾಜಾಗುತ್ತದೆ. ಬಿಟ್ಟಾಗ ಮಾತ್ರ ಬಂದರೆ ಪಿನಿಯನ್ ಬೇರಿಂಗ್ ಸಡಿಲವಾಗಿದೆಯೇ ಎಂದೂ ನೋಡುತ್ತಾರೆ.

ನನ್ನನ್ನು ಬೆರಗುಗೊಳಿಸಿದ್ದು ಅವರ ತಾಳದ ಲೆಕ್ಕ. ಹಳೆಯ ಸಿಜೆ-3ಬಿ ಜೀಪಿನಲ್ಲಿ ಆಕ್ಸಲ್ ಅನುಪಾತ 5.38, ಅಂದರೆ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ಐದು ಸುತ್ತು ದಾಟಿರುತ್ತದೆ. ನಿಧಾನಕ್ಕೆ ಗಾಡಿ ಬಿಟ್ಟು, ಬಾಗಿಲಿನ ಮೇಲೆ ಬೆರಳು ಕುಟ್ಟುತ್ತಾ ‘ಟಿಕ್’ಗಳನ್ನು ಎಣಿಸುತ್ತಾರೆ. ಗಾಲಿಯ ಸುತ್ತಿಗೊಂದು ಬಂದರೆ ಗಾಲಿ ಕಡೆ ಹುಡುಕು, ಐದು ಬಂದರೆ ಶಾಫ್ಟಿನ ಕಡೆ. ಶಾಫ್ಟಿನ ಕ್ರಾಸಿನಲ್ಲಿ, ಅಂದರೆ ಯೂನಿವರ್ಸಲ್ ಜಾಯಿಂಟಿನಲ್ಲಿ, ಗ್ರೀಸು ಒಣಗಿದ್ದರೆ ಹಕ್ಕಿಮರಿಯಂತೆ ‘ಚಿಂವ್ ಚಿಂವ್’ ಅನ್ನುತ್ತದೆ, ಅದರ ಬೇರಿಂಗ್ ಕಪ್ಪಿನ ಸುತ್ತ ತುಕ್ಕಿನ ಕೆಂಪು ಪುಡಿ ಕಾಣುತ್ತದೆ. ಫಸ್ಟಿನಿಂದ ರಿವರ್ಸಿಗೆ ಹಾಕಿದಾಗ ‘ಟಕ್’ ಅಂದರೆ ಆ ಕ್ರಾಸು ಸವೆದು ಆಟ ಕೊಡುತ್ತಿರಬಹುದು.

ಮುಂದಿನ ಗಾಲಿಗೆ ಲಾಕಿಂಗ್ ಹಬ್ ಇದ್ದರೆ ಕೆಲಸ ಹಗುರ. ಹಬ್ ಬಿಡಿಸಿ, ಟೂ ವೀಲಿನಲ್ಲಿ ಓಡಿಸಿದರೆ ಮುಂದಿನ ಆಕ್ಸಲ್ ಶಾಫ್ಟುಗಳೂ ಕ್ರೌನೂ ಸುತ್ತುವುದೇ ಇಲ್ಲ. ಸದ್ದು ನಿಂತರೆ ತಪ್ಪು ಅಲ್ಲೇ. ಕೊನೆಗೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹೌಸಿಂಗಿಗೆ ಸ್ಕ್ರೂಡ್ರೈವರ್ ಒತ್ತಿ, ಹಿಡಿಗೆ ಕಿವಿ ಕೊಡುತ್ತಾರೆ. ಆಯಿಲ್ ಇಳಿಸಿ ನೋಡುವುದೂ ಉಂಟು: ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿದೆ.

ಕೆಲವು ಸದ್ದು ರೋಗವೇ ಅಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಇಂಥ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಎರಡೂ ಶಾಫ್ಟು ಒಂದೇ ವೇಗದಲ್ಲಿ ಸುತ್ತುತ್ತವೆ. ಕೆಸರಿನಲ್ಲಿ ಗಾಲಿ ಜಾರಿ ಹೊಂದಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಬಿಗಿ ಸೇರುತ್ತಾ ಹೋಗಿ, ಸ್ಟೇರಿಂಗ್ ಭಾರವಾಗಿ, ‘ಢಣ್’ ಎಂದು ಬಿಡುತ್ತದೆ. ಕೊಡಗಿನ ಮಾಂದಲ್‌ಪಟ್ಟಿಯಂಥ ಏರು ಇಳಿದು ಬಂದವರು ಲಿವರನ್ನು ಮತ್ತೆ ಟೂ ವೀಲಿಗೆ ಹಾಕುವುದನ್ನು ಮರೆತಿರುತ್ತಾರೆ. ಅಂಥವರಿಂದ ಮೇಸ್ತ್ರಿ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗ ಎಷ್ಟೋ ಕಡೆ ಸದ್ದು ಬಂದರೆ ಇಡೀ ಅಸೆಂಬ್ಲಿಯನ್ನೇ ಬದಲಿಸುತ್ತಾರೆ. ಅದು ಬೇಗ ಮುಗಿಯುತ್ತದೆ ನಿಜ, ಆದರೆ ಒಂದು ಬೇರಿಂಗಿನ ತಪ್ಪಿಗೆ ಪೂರ್ತಿ ಹೌಸಿಂಗಿನ ಬೆಲೆ ತೆರುವುದು ಸಣ್ಣ ತೋಟದವರಿಗೆ ನ್ಯಾಯವಲ್ಲ. ಮೇಸ್ತ್ರಿಯ ಬಳಿ ಕಲಿಯುತ್ತಿದ್ದ ಕೊನೆಯ ಹುಡುಗ ಬೆಂಗಳೂರಿಗೆ ಹೋಗಿದ್ದಾನೆ. ಮಲೆನಾಡಿನ ಐಟಿಐಗಳು ತಮ್ಮ ಹುಡುಗರನ್ನು ಇಂಥವರ ಬಳಿ ಕೆಲವು ತಿಂಗಳಾದರೂ ಬಿಡಬೇಕು. ಯಾರಾದರೂ ಬಂದರೆ ಕಲಿಸುತ್ತೀರಾ ಎಂದು ಕೇಳಿದೆ. “ಬರ್ಲಿ. ಆದ್ರೆ ಮಳೆಗಾಲದಲ್ಲಿ ಬರೋಕೆ ಹೇಳಿ, ಸದ್ದೆಲ್ಲ ಬರೋದು ಆಗ್ಲೇ” ಅಂದರು.